ಮನೆಯಲ್ಲೇ ವಿಮಾನ ಕಟ್ಟುವ ಕಿಟ್: ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳು

ಸಕಲೇಶಪುರದ ನಮ್ಮ ತೋಟದ ಕಾಫಿ ಗೋದಾಮಿನಲ್ಲಿ ಜೆನಿತ್ ಸಿಎಚ್ 701 ಕಿಟ್ ಜೋಡಿಸುತ್ತಾ ವರ್ಷಗಳೇ ಕಳೆದಿವೆ. ಎರಡು ಸೀಟು, 27 ಅಡಿ ರೆಕ್ಕೆ, ಹೆಚ್ಚುಕಮ್ಮಿ ಪೂರ್ತಿ ಅಲ್ಯೂಮಿನಿಯಂ. ಬಾಡಿ, ರೆಕ್ಕೆ, ಬಾಲ ಮುಗಿದು ಎಂಜಿನ್ ಕೂತಿದೆ. ಹಾರಿಸುವ ಅನುಮತಿಯ ಓಡಾಟ ನಡೆಯುತ್ತಿದೆ. ಬಂದವರೆಲ್ಲ ಕೇಳುವುದು ಒಂದೇ, "ಎಷ್ಟಾಯ್ತು ಗೌಡ್ರೇ?"

ಕಿಟ್ ಬಗ್ಗೆ ನನಗೆ ದೂರಿಲ್ಲ. ತಗಡು ಗಟ್ಟಿ, ನಕ್ಷೆ ಸ್ಪಷ್ಟ. ಎಲ್ಲ ಪಾಪ್ ರಿವೆಟ್, ಅಂದರೆ ಗನ್ನಿನಿಂದ ಎಳೆದು ಕೂರಿಸುವ ಮೊಳೆಯ ಕೆಲಸ. ರಿವೆಟ್ ಗನ್ನಿನ ಮೂತಿಯಲ್ಲಿ ಸಣ್ಣ ಗುಳಿ ಇರುತ್ತದೆ. ಎಳೆದಾಗ ಚಪ್ಪಟೆ ತಲೆ ಗುಂಡಗಾಗಿ ತಗಡನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೂ ಮೊದಲು ತಗಡುಗಳು ಅಲುಗಾಡದಂತೆ ತೂತಿನಲ್ಲಿ ಕ್ಲೀಕೋ, ಅಂದರೆ ತಾತ್ಕಾಲಿಕ ಸ್ಪ್ರಿಂಗ್ ಪಿನ್ ಹಾಕಬೇಕು. ತಾಮ್ರದ ಬಣ್ಣದ್ದು 1/8 ಇಂಚಿನ ತೂತಿಗೆ, ಕಪ್ಪು 5/32ಕ್ಕೆ. ನೂರಾರು ಬೇಕು, ಕಡಿಮೆ ತಂದರೆ ಅರ್ಧಕ್ಕೇ ಕೆಲಸ ನಿಲ್ಲುತ್ತದೆ. ಒಂದೊಂದು ತೂತಿನ ಅಂಚನ್ನೂ ಬೆರಳಿಗೆ ತಾಗದಂತೆ ನುಣುಪು ಮಾಡಬೇಕು. ನನಗಂತೂ ಇದೇ ಅತ್ಯಂತ ಇಷ್ಟವಾದ ಕೆಲಸ.

ಖರ್ಚಿಗೆ ಬರೋಣ. ನನ್ನ ಲೆಕ್ಕದಲ್ಲಿ ಕಿಟ್‌ನ ಪಾಲು ಒಟ್ಟು ಖರ್ಚಿನ ಮೂರನೇ ಒಂದು ಭಾಗ ಅಷ್ಟೇ. ಕಿಟ್‌ನ ಬೆಲೆಯಲ್ಲಿ ಎಂಜಿನ್, ಪ್ರೊಪೆಲ್ಲರ್, ಮೀಟರುಗಳು, ರೇಡಿಯೋ, ಬಣ್ಣ ಯಾವುದೂ ಸೇರಿಲ್ಲ. 100 ಅಶ್ವಶಕ್ತಿಯ ರೊಟ್ಯಾಕ್ಸ್ 912 ಯುಎಲ್ಎಸ್ ಹೊಸದು ಬೇಕೆಂದರೆ 20 ಸಾವಿರ ಡಾಲರ್ ದಾಟುತ್ತದೆ. ಇನ್ನು ಕಸ್ಟಮ್ಸ್ ಸುಂಕ. ಅದು ಬರೀ ವಸ್ತುವಿನ ಬೆಲೆಯ ಮೇಲಲ್ಲ, ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ತಗಡಿನ ಪೆಟ್ಟಿಗೆ ಹಗುರ, ಆದರೆ ಜಾಗ ತಿನ್ನುತ್ತದೆ, ಹಾಗಾಗಿ ಸಾಗಣೆ ದುಬಾರಿ. ಮಂಗಳೂರು ಬಂದರಿನಿಂದ ಶಿರಾಡಿ ಘಾಟಿ ಹತ್ತಿಸುವುದಿದ್ದರೆ ದಯವಿಟ್ಟು ಮಳೆಗಾಲ ಬೇಡ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಲಾರಿ ಕಾಯುವ ಬಾಡಿಗೆಯೂ ನಿಮ್ಮದೇ.

ಮಲೆನಾಡಿನ ಖರ್ಚು ಬೇರೆಯೇ ಇದೆ. ಜೂನ್ ಬಂತೆಂದರೆ ಗೋದಾಮಿನೊಳಗೆ ಎಲ್ಲಕ್ಕೂ ತೇವ. ಪ್ರೈಮರ್ ಸರಿಯಾಗಿ ಒಣಗುವುದಿಲ್ಲ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕಟ್ಟುತ್ತದೆ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆ ತೇವ ನಿಂತರೆ ಲೋಹ ತಿಂದುಹೋಗುತ್ತದೆ. ತೇವ ಹೀರುವ ಯಂತ್ರ, ಅದರ ಕರೆಂಟ್ ಬಿಲ್, ಎರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾದರೆ ಗೋದಾಮು ಮೂಟೆಗಳಿಗೆ ಬೇಕು, ರೆಕ್ಕೆಗೆ ಬೇರೆ ಶೆಡ್ ನೋಡಬೇಕು. ಆ ಬಾಡಿಗೆ ಪ್ರತಿ ವರ್ಷವೂ ಇದ್ದದ್ದೇ.

ಯಾರೂ ಹೇಳದ ಇನ್ನೊಂದು ವಿಷಯ ಪೆಟ್ರೋಲ್. ಈ ರೊಟ್ಯಾಕ್ಸ್ ಎಂಜಿನ್‌ಗೆ ತಯಾರಕರು ಒಪ್ಪುವುದು ಶೇ 10ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 20ರದ್ದು. ವಿಮಾನದ ಪೆಟ್ರೋಲ್ ಹಾಕಿದರೆ ಬೆಲೆ ಜಾಸ್ತಿ, ಜೊತೆಗೆ ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಕೂಡ ಬೇಗ ಬದಲಿಸಬೇಕು. ಗಂಟೆಗೆ ಸುಮಾರು 18-20 ಲೀಟರ್ ಕುಡಿಯುವ ಎಂಜಿನ್ ಇದು. ಹಾರಿಸಿದರೂ ಹಾರಿಸದಿದ್ದರೂ 5 ವರ್ಷಕ್ಕೊಮ್ಮೆ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಲೇಬೇಕು.

ಕಾಗದಪತ್ರಕ್ಕೆ ಹಣಕ್ಕಿಂತ ಕಾಲ ಜಾಸ್ತಿ ಹಿಡಿಯುತ್ತದೆ. ಮುಂಬೈನ ತಾರಸಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿದ ಅಮೋಲ್ ಯಾದವ್ 2016ರಲ್ಲೇ ಅದನ್ನು ಮೇಕ್ ಇನ್ ಇಂಡಿಯಾ ಮೇಳದಲ್ಲಿ ತೋರಿಸಿದ್ದರು. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನೋಂದಣಿ ಸಿಕ್ಕಿದ್ದು 2017ರಲ್ಲಿ. ಅವರು ಸ್ವತಃ ಪೈಲಟ್. ಅವರಿಗೇ ಅಷ್ಟು ಸಮಯ ಹಿಡಿಯಿತು ಅಂದರೆ ನಮಗೆ ತಾಳ್ಮೆ ಬೇಕು, ಅಲ್ವಾ?

ಕಿಟ್‌ಗೆ ನಾನು 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಆಸೆ ಇದ್ದವರು ಪೂರ್ತಿ ಕಿಟ್‌ಗೆ ಹಣ ಕಟ್ಟಬೇಡಿ. ಕಂಪನಿ ರಡ್ಡರ್ ಭಾಗವನ್ನು, ಅಂದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ತುಂಡನ್ನು ಮಾತ್ರ, ಬೇರೆಯಾಗಿಯೂ ಮಾರುತ್ತದೆ. ಅದೊಂದನ್ನು ತರಿಸಿ, ಒಂದು ಮಳೆಗಾಲ ಅದರ ಜೊತೆ ಕಳೆಯಿರಿ. ಸುಂಕ, ಸಾಗಣೆ, ತೇವ ಎಲ್ಲದರ ಲೆಕ್ಕವೂ ಆಗಲೇ ಸಿಗುತ್ತದೆ. ಆಮೇಲೆ ಎಂಜಿನ್ ಮಾತು.