ಶೆಡ್‌ನ ಸಾಲ್ಮೊನೆಲ್ಲಾಗೆ ಜೀನೋಮ್ ಪರೀಕ್ಷೆ ಮಾಡಿಸಿದೆ: 5ಕ್ಕೆ 3 ಸ್ಟಾರ್

ಲ್ಯಾಬಿನ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ನನ್ನದು ಬ್ರಾಯ್ಲರ್ ಫಾರಂ, ಎರಡು ಶೆಡ್. ಒಂದರ ಹಿಂದೆ ಒಂದು ಎರಡು ಬ್ಯಾಚ್‌ನಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಕೋಳಿಗಳು ಚೆನ್ನಾಗಿಯೇ ಇದ್ದವು, ತೂಕವೂ ಸರಿಯಾಗಿ ಬಂದಿತ್ತು. ಇದರ ಕಾಟವೇ ಅದು. ಕೋಳಿಯ ಕರುಳಲ್ಲಿ ಸುಮ್ನೆ ಕೂತಿರುತ್ತದೆ, ತಿಂದವರಿಗೆ ಭೇದಿ ಹತ್ತಿಸುತ್ತದೆ.

ಸ್ಯಾಂಪಲ್ ತೆಗೆಯುವುದು ಸುಲಭ. ಬೂಟಿನ ಮೇಲೆ ಒದ್ದೆ ಬಟ್ಟೆಯ ಕವರ್ ಹಾಕಿಕೊಂಡು ಶೆಡ್ ತುಂಬ ಓಡಾಡಬೇಕು, ಅಷ್ಟೆ. ಮೊದಲ ಸಲ ನಾನು ಬಾಗಿಲಲ್ಲಿರುವ ಔಷಧಿ ನೀರಿಗೆ ಬೂಟು ಅದ್ದಿ, ಅದರ ಮೇಲೇ ಕವರ್ ಹಾಕಿದ್ದೆ. ಫೋನಿನಲ್ಲಿ ಮಾತಿಗೆ ಹೇಳಿದಾಗ, ಔಷಧಿ ತಾಗಿ ಬ್ಯಾಕ್ಟೀರಿಯಾ ಸತ್ತಿರುತ್ತದೆ, ಆ ಸ್ಯಾಂಪಲ್ ಬೇಡವೇ ಬೇಡ ಅಂದರು. ತಪ್ಪು ನನ್ನದೇ. ಆದರೂ ಕಿಟ್ ಜತೆಗಿದ್ದ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೊದಲು ಬಂದದ್ದು ಮಾಮೂಲಿ ಸೆನ್ಸಿಟಿವಿಟಿ ರಿಪೋರ್ಟ್, ಅಂದರೆ ಯಾವ ಆ್ಯಂಟಿಬಯೋಟಿಕ್ ನಾಟುತ್ತದೆ ಅನ್ನುವ ಪಟ್ಟಿ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ವೃತ್ತ ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಟೆಟ್ರಾಸೈಕ್ಲಿನ್, ಸಲ್ಫಾ, ಟ್ರೈಮೆಥೊಪ್ರಿಮ್, ನಾಲಿಡಿಕ್ಸಿಕ್ ಆಸಿಡ್, ನಾಲ್ಕರ ಮುಂದೆಯೂ 'ಆರ್', ಅಂದರೆ ರೆಸಿಸ್ಟೆಂಟ್, ಆ ಔಷಧಿ ನಾಟುವುದಿಲ್ಲ. ಸಿಟ್ಟು ಬಂತು. ನಾನು ಬಳಸಿದ್ದು ಟೆಟ್ರಾಸೈಕ್ಲಿನ್ ಒಂದೇ. ಸಲ್ಫಾ ಡಬ್ಬಿ ನಮ್ಮ ಶೆಡ್ಡಿನ ಹೊಸ್ತಿಲು ದಾಟಿಲ್ಲ. ಯಾರದೋ ರಿಪೋರ್ಟ್ ನನಗೆ ಕಳಿಸಿದ್ದಾರೆ ಅಂದುಕೊಂಡೆ.

ಉತ್ತರ ಸಿಕ್ಕಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ ಪೂರ್ತಿ ಓದುವ ಜೀನೋಮ್ ಪರೀಕ್ಷೆಯಲ್ಲಿ. ಸಾಲ್ಮೊನೆಲ್ಲಾದ ತಳಿ ಇನ್ಫಾಂಟಿಸ್. ಅದರಲ್ಲಿರುವ ಟೆಟ್-ಎ ಜೀನ್ ಒಂದು ಪಂಪ್ ಕಟ್ಟುತ್ತದೆ, ಒಳಗೆ ಬಂದ ಟೆಟ್ರಾಸೈಕ್ಲಿನನ್ನು ಹೊರಗೆ ತಳ್ಳುತ್ತದೆ. ಸಲ್-1 ಅನ್ನುವುದು ಸಲ್ಫಾ ಅಂಟಿಕೊಳ್ಳದ ಬದಲಿ ಎನ್‌ಜೈಮ್ ಮಾಡುತ್ತದೆ. ಟ್ರೈಮೆಥೊಪ್ರಿಮ್‌ಗೂ ಹೀಗೇ ಒಂದು. ಈ ತಳಿಯಲ್ಲಿ ಇವೆಲ್ಲ ಒಂದೇ ದೊಡ್ಡ ಪ್ಲಾಸ್ಮಿಡ್ ಮೇಲೆ ಕೂತಿರುವುದು ಸಾಮಾನ್ಯ. ಪ್ಲಾಸ್ಮಿಡ್ ಅಂದರೆ ಮುಖ್ಯ ಡಿಎನ್‌ಎಗೆ ಸೇರದ ಬೇರೆ ಉಂಗುರ, ಪಕ್ಕದ ಬ್ಯಾಕ್ಟೀರಿಯಾಗೂ ದಾಟುತ್ತದೆ. ನಾನು ಟೆಟ್ರಾಸೈಕ್ಲಿನ್ ಹಾಕಿದಾಗ ಟೆಟ್-ಎ ಇದ್ದವು ಬದುಕಿದವು, ಜತೆಗೆ ಸಲ್-1 ಪುಕ್ಕಟೆಯಾಗಿ ಉಳಿಯಿತು. ಡಬ್ಬಿ ತೆರೆಯದೆಯೇ ಸಲ್ಫಾ ಕೆಲಸಕ್ಕೆ ಬಾರದಂತಾಯಿತು! ನಾಲಿಡಿಕ್ಸಿಕ್ ಆಸಿಡ್‌ನ ಕಥೆ ಬೇರೆ. ಅದು ಜೈರ್-ಎ ಜೀನಿನ 87ನೇ ಜಾಗದಲ್ಲಿ ಆದ ಬದಲಾವಣೆ, ಮುಖ್ಯ ಡಿಎನ್‌ಎಯಲ್ಲೇ ಇದೆ.

ಇದ್ಯಾವುದೂ ರಿಪೋರ್ಟಿನಲ್ಲಿ ಬರೆದಿರಲಿಲ್ಲ. ಅಲ್ಲಿದ್ದದ್ದು ಬರೀ ಜೀನ್ ಹೆಸರು ಮತ್ತು ಪರ್ಸೆಂಟ್. ಮೂರು ಸಲ ಫೋನ್ ಮಾಡಿದ ಮೇಲೆ ಒಬ್ಬ ಮೇಡಂ ಸಿಕ್ಕಿ, ಮುಕ್ಕಾಲು ಗಂಟೆ ಬಿಡಿಸಿ ಹೇಳಿದರು. ಅವರಿಗೇ ಒಂದೂವರೆ ಸ್ಟಾರ್. ಪಟ್ಟಿಯಲ್ಲಿ ಕ್ಯೂಎಸಿ ಅನ್ನುವ ಜೀನ್ ನೋಡಿ, ಶೆಡ್ ತೊಳೆಯುವ ಔಷಧಿಯೂ ಇನ್ನು ನಾಟುವುದಿಲ್ಲ ಅಂತ ಹೆದರಿದ್ದೆ. "ಅದು ತುಂಡಾದ ಜೀನು ಸಾರ್. ಹಿಕ್ಕೆ ತೆಗೀದೆ ಔಷಧಿ ಹೊಡಿಯೋದೇ ದೊಡ್ಡ ತೊಂದರೆ" ಅಂದರು. ಎಲ್ಲ ಒಂದೇ ಪ್ಲಾಸ್ಮಿಡ್ ಮೇಲಿರುವುದು ಖಚಿತವಾ ಅಂತ ಕೇಳಿದೆ. ಇವರು ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಂಡಾಗಿ ಓದಿ ಜೋಡಿಸುತ್ತಾರೆ, ಹಾಗಾಗಿ ಯಾವುದರ ಪಕ್ಕ ಯಾವುದು ಅಂತ ಎಲ್ಲ ಕಡೆ ಹೇಳಲಾಗುವುದಿಲ್ಲವಂತೆ. ಉದ್ದ ತುಂಡು ಓದುವ ಯಂತ್ರ ಬೇಕಂತೆ. ಇದನ್ನು ಆರ್ಡರ್ ತಗೊಳ್ಳುವಾಗಲೇ ಹೇಳಬೇಕಿತ್ತು, ಅಲ್ವಾ?

ಎರಡು ಬ್ಯಾಚ್‌ಗಳನ್ನು ಹೋಲಿಸಿ ಕೊಟ್ಟದ್ದು ಮಾತ್ರ ಚಿನ್ನದಂಥ ಕೆಲಸ. ಡಿಎನ್‌ಎಯ ಸುಮಾರು 48 ಲಕ್ಷ ಅಕ್ಷರಗಳಲ್ಲಿ ವ್ಯತ್ಯಾಸ 3. ಅಂದರೆ ಎರಡೂ ಒಂದೇ ಮೂಲದವು, ಬಹುಶಃ ಹಳೆಯದೇ ಶೆಡ್‌ನಲ್ಲಿ ಉಳಿದದ್ದು. ಮರಿ ಪೆಟ್ಟಿಗೆಯ ಕಾಗದದಲ್ಲಿ ಏನೂ ಸಿಗಲಿಲ್ಲ, ಲಿಟರ್ (ಶೆಡ್ ನೆಲದ ಹೊಟ್ಟಿನ ಹಾಸು) ಕೆಳಗಿನ ಕಪ್ಪು ಹುಳಗಳಲ್ಲಿ ಸಿಕ್ಕಿತು. ಹ್ಯಾಚರಿಯವರಿಗೆ ತಿಂಗಳುಗಟ್ಟಲೆ ಬೈದಿದ್ದೆ, ಕ್ಷಮೆ ಕೇಳಿದ್ದಾಯಿತು.

ಸ್ಟಾರ್ ಕಳೆದದ್ದು ಮುಖ್ಯವಾಗಿ ಸಮಯಕ್ಕೆ. 10 ದಿನ ಅಂದದ್ದು 26 ದಿನ ಆಯಿತು. ಅಷ್ಟರಲ್ಲಿ ಆ ಬ್ಯಾಚ್ ಗಾಡಿ ಹತ್ತಿತ್ತು. (ಪಾಸಿಟಿವ್ ಅಂತ ಮೊದಲೇ ತಿಳಿಸಿದ್ದೆ, ಬೇರೆ ಕೋಳಿಗಳಿಗೆ ಅಂಟದಂತೆ ದಿನದ ಕೊನೆಗೆ ಕತ್ತರಿಸಲಿ ಅಂತ.) ಕಾಯಿಲೆ ಕೋಳಿಗೆ ಇವತ್ತು ಯಾವ ಔಷಧಿ ಅನ್ನುವವರಿಗೆ ಬಿಲ್ಲೆ ಪರೀಕ್ಷೆಯೇ ಸಾಕು. ಶೆಡ್ ತೊಳೆದರೂ ಮತ್ತೆ ಮತ್ತೆ ಬರುತ್ತಿದ್ದರೆ ಇದನ್ನು ಮಾಡಿಸಿ. ರಿಪೋರ್ಟ್ ಬಿಡಿಸಿ ಹೇಳುವವರು ಯಾರು ಅಂತ ದುಡ್ಡು ಕಟ್ಟುವ ಮೊದಲೇ ಕೇಳಿಟ್ಟುಕೊಳ್ಳಿ.