ಫೇರ್‌ಬ್ಯಾಂಕ್ಸ್ ಚಳಿಗೆ ಯಾವ ಒಲೆ: ಸೌದೆಯದ್ದಾ, ಪೆಲೆಟ್‌ನದ್ದಾ?

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿ ಮೈನಸ್ 40 ಡಿಗ್ರಿ ಮುಟ್ಟುವುದುಂಟು. ಊರು ತಗ್ಗಿನಲ್ಲಿದೆ, ಗಾಳಿ ಅಲ್ಲಾಡುವುದಿಲ್ಲ, ನೆಲದ ತಣ್ಣನೆ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತು ಒಲೆಗಳ ಹೊಗೆಯನ್ನೆಲ್ಲ ಮನೆಗಳ ನಡುವೆಯೇ ಹಿಡಿದಿಡುತ್ತದೆ. ಅದನ್ನು ಉಸಿರಾಡುವವರು ಮಕ್ಕಳೂ ಹೌದು, ಅಲ್ವಾ?

ಈ ಹೊಗೆ ಕಮ್ಮಿ ಮಾಡಲು ಹಳೇ ಒಲೆ ತೆಗೆಯುವವರಿಗೆ ಮುಖ್ಯವಾಗಿ ಎರಡು ದಾರಿ: ಹೊಸ ಸೌದೆ ಒಲೆ, ಇಲ್ಲವೇ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಉರಿಸುವ ಒಲೆ. ಹೊಸ ಸೌದೆ ಒಲೆಗೆ ಕರೆಂಟ್ ಬೇಕಿಲ್ಲ. ಆ ಚಳಿಯಲ್ಲಿ ಕರೆಂಟ್ ಹೋದರೆ ಇದು ಜೀವ ಉಳಿಸುವ ವಿಷಯ. ಆದರೆ ಸೌದೆ ಒದ್ದೆಯಿದ್ದರೆ ಎಷ್ಟು ಒಳ್ಳೆ ಒಲೆಯೂ ಹೊಗೆ ಕಾರುತ್ತದೆ, ಬೆಂಕಿಯ ಶಾಖದ ಒಂದು ಪಾಲು ನೀರು ಆವಿ ಮಾಡುವುದರಲ್ಲೇ ಹೋಗುತ್ತದೆ. ತೇವಾಂಶ ಶೇ. 20ಕ್ಕಿಂತ ಕಮ್ಮಿ ಇರಲಿ. ಅಂದರೆ ಸೀಳಿ, ಮೇಲೆ ಮಾತ್ರ ಮುಚ್ಚಿ, ಕನಿಷ್ಠ ಒಂದು ಬೇಸಿಗೆ ಒಣಗಿಸಬೇಕು. ತೇವ ಅಳೆಯುವ ಮೀಟರ್ ದುಬಾರಿಯಲ್ಲ, ಸುಮ್ನೆ ಅಂದಾಜು ಮಾಡಬೇಡಿ.

ಪೆಲೆಟ್ ಒಲೆಯಲ್ಲಿ ಈ ತಲೆನೋವಿಲ್ಲ. ಗುಳಿಗೆ ಒಣಗಿಯೇ ಇರುತ್ತದೆ, ಯಂತ್ರವೇ ಅದನ್ನು ಅಳತೆಯಾಗಿ ಹಾಕುತ್ತದೆ, ಹೊಗೆ ತುಂಬಾ ಕಮ್ಮಿ. ಆದರೆ ಕರೆಂಟ್ ಬೇಕೇ ಬೇಕು, ಪೆಲೆಟ್ ಚೀಲ ಕೊಳ್ಳುತ್ತಿರಬೇಕು.

ಸೌದೆ ಒಣಗಿಸಲು ಜಾಗ, ತಾಳ್ಮೆ ಎರಡೂ ಇಲ್ಲದವರು ಪೆಲೆಟ್‌ನದ್ದೇ ತಗೊಳ್ಳಲಿ. ಕರೆಂಟ್ ನಂಬಲಾಗದ ಕಡೆ ಸೌದೆ ಒಲೆಯೇ ಸರಿ.