ಮಾಳಮಡ್ಡಿಯ ಹಳೆಯ ಮನೆಗೆ ಹೊಸ ವೈರಿಂಗ್: ಪರವಾನಗಿ ಇರುವ ಗುತ್ತಿಗೆದಾರರೊಬ್ಬರ ಕೆಲಸದ ವಿಮರ್ಶೆ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಅಜ್ಜನ ಕಾಲದ ಹಂಚಿನ ಮನೆಯ ವೈರಿಂಗನ್ನು ಕಳೆದ ಬೇಸಿಗೆಯಲ್ಲಿ ಪೂರ್ತಿಯಾಗಿ ಬದಲಾಯಿಸಿದೆವು. ಕೆಲಸ ಮಾಡಿದವರು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರು. ಪ್ರಚಾರ ಬೇಡವೆಂದು ಅವರೇ ಹೇಳಿದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಎಂದು ಕೇಳಬಹುದಾದರೂ, ಇಂಥವರು ಎಷ್ಟು ಹಣ ಕೇಳುತ್ತಾರೆ ಮತ್ತು ಆ ಹಣಕ್ಕೆ ಏನು ಕೊಡುತ್ತಾರೆ ಎಂಬ ವಿವರ ಹಳೆಯ ಮನೆ ಇರುವ ಯಾರಿಗಾದರೂ ಉಪಯೋಗವಾದೀತು.

ಮೊದಲು ನಾವು ಕೇಳಿದ್ದು ಓಣಿಯಲ್ಲಿ ಎಲ್ಲರಿಗೂ ಪರಿಚಿತನಾದ ಮೇಸ್ತ್ರಿಯನ್ನು. ಸಾಮಾನು ಸೇರಿ 62,000 ರೂಪಾಯಿಗೆ ಮುಗಿಸುತ್ತೇನೆಂದೂ, ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂಗೆ ಕೆಲಸ ಮುಗಿದ ಮೇಲೆ ಕೊಡಬೇಕಾದ ಪೂರ್ಣತಾ ವರದಿಗೆ ಬೇಕಾದ ಸಹಿಯನ್ನು ಪರಿಚಯದವರಿಂದ ಹಾಕಿಸಿಕೊಡುತ್ತೇನೆಂದೂ ಆತ ಹೇಳಿದ. ಗುತ್ತಿಗೆದಾರರು ಅದೇ ಕೆಲಸಕ್ಕೆ 91,000 ಹೇಳಿದರು. ವ್ಯತ್ಯಾಸ ಯಾವುದಕ್ಕೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟೇ: "ಸರ, ಬರೇ ಸಹಿ ಬೇಕಂದ್ರ ಬ್ಯಾರೆ ಕಡೆ ಸಿಗ್ತದ್ರಿ. ನನ್ನ ಸಹಿ ಬೇಕಂದ್ರ ಮೊದಲ ಮೀಟರ್ ಹಚ್ಚಿ ನೋಡಬೇಕಾಗ್ತದ." ಮಾತಿನಲ್ಲಿ ಸ್ವಲ್ಪ ಬಿಗುಮಾನ ಇತ್ತಾದರೂ ಕೆಲಸ ಮುಗಿಯುವ ಹೊತ್ತಿಗೆ ಅದರ ಅರ್ಥ ನನಗೆ ಆಯಿತು.

ಅವರು ಮೊದಲ ದಿನ ಒಂದು ಮೊಳೆಯನ್ನೂ ಕೀಳಲಿಲ್ಲ. ಇದ್ದ ವೈರಿಂಗನ್ನು ಪರೀಕ್ಷಿಸುವುದರಲ್ಲೇ ದಿನ ಕಳೆಯಿತು. ನಮ್ಮ ಮನೆಯಲ್ಲಿ ತೇಗದ ಪಟ್ಟಿಯ ಮೇಲೆ ಓಡಿದ ಹಳೆಯ ವೈರುಗಳೂ, ಪಡಸಾಲೆಯಲ್ಲಿ ಕರಿಯ ಗುಂಡು ಸ್ವಿಚ್ಚುಗಳೂ, ಮೇನ್ ಬೋರ್ಡಿನಲ್ಲಿ ಪಿಂಗಾಣಿಯ ಫ್ಯೂಸುಗಳೂ ಇದ್ದವು. ಆ ಫ್ಯೂಸೊಂದರಲ್ಲಿ ಫ್ಯೂಸ್ ತಂತಿಯ ಬದಲು ಮೂರು ಎಳೆ ತಾಮ್ರದ ತಂತಿ ಸುತ್ತಿತ್ತು. ಸುತ್ತಿದವನು ನಾನೇ ಎಂಬುದನ್ನು ಅವರೆದುರು ಒಪ್ಪಿಕೊಳ್ಳಲು ಆಗಲಿಲ್ಲ. ವೈರಿನ ಹೊದಿಕೆ ಸೋರಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅಂದರೆ ನಿರೋಧಕತೆಯನ್ನು, ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿ ನೋಡಿದಾಗ ಅಡುಗೆಮನೆಗೆ ಹೋಗುವ ವೈರುಗಳ ಸಾಲಿನಲ್ಲಿ ಅದು 0.2 ಮೆಗಾ ಓಮ್ ಬಂತು. ಅದು ಕನಿಷ್ಠ 1 ಮೆಗಾ ಓಮ್ ಇರಲೇಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅಡುಗೆಮನೆಯ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದುದಕ್ಕೆ ನಾವು ವರ್ಷಗಟ್ಟಲೆ "ಹಸಿ ಗ್ವಾಡಿ" ಎಂದು ಕಾರಣ ಹೇಳಿಕೊಂಡು ಬಂದಿದ್ದೆವು.

ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ಅರ್ಥಿಂಗಿನ ಕಥೆ ಇದಕ್ಕಿಂತ ಕೆಟ್ಟದ್ದಾಗಿತ್ತು. ಯಾವುದೋ ಕಾಲದಲ್ಲಿ ಯಾರೋ ಅರ್ಥ್ ತಂತಿಯನ್ನು ನಳದ ಕಬ್ಬಿಣದ ಪೈಪಿಗೆ ಕಟ್ಟಿ ಬಿಟ್ಟಿದ್ದರು. ಮುಂದೆ ಪೈಪು ತುಕ್ಕು ಹಿಡಿದಾಗ ಅಂಗಳದಲ್ಲಿ ಅದರ ಅರ್ಧ ಭಾಗವನ್ನು ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಿದೆವು. ಅಂದಿನಿಂದ ನಮ್ಮ ಮನೆಯ ಅರ್ಥಿಂಗ್ ಭೂಮಿಯನ್ನು ಮುಟ್ಟಿಯೇ ಇರಲಿಲ್ಲ. ಗೀಸರಿನಲ್ಲೋ ಮೋಟರಿನಲ್ಲೋ ಸೋರಿಕೆಯಾಗಿದ್ದರೆ ವಿದ್ಯುತ್ತು ನೇರವಾಗಿ ಬಚ್ಚಲುಮನೆಯ ನಲ್ಲಿಗೆ ಬರುತ್ತಿತ್ತು. ನಳದ ನೀರಿಗಾಗಿ ದಿನಗಟ್ಟಲೆ ಕಾಯುವ ನಮ್ಮ ಅವಳಿ ನಗರದಲ್ಲಿ ನೆಲದ ಟಾಕಿ ಮತ್ತು ಮೋಟರು ಇಲ್ಲದ ಮನೆಗಳು ಕಡಿಮೆ ಎಂಬುದನ್ನು ನೆನೆದರೆ, ಇದು ನಮ್ಮೊಬ್ಬರ ಮನೆಯ ಸಂಗತಿಯಲ್ಲ ಎಂದು ಅನಿಸುತ್ತದೆ.

ಹೊಸ ಅರ್ಥಿಂಗಿಗೆ ಗುಂಡಿ ತೋಡುವುದೇ ದೊಡ್ಡ ಕೆಲಸವಾಯಿತು. ಹೆಸರಿನಲ್ಲೇ ಮಡ್ಡಿ, ಅಂದರೆ ಗಟ್ಟಿ ನೆಲ, ಇರುವ ಜಾಗ. ಮೂರು ಅಡಿಯ ಕೆಳಗೆ ಗಟ್ಟಿ ಗರಸು. ಇಂಥ ನೆಲದಲ್ಲಿ ತೇವ ನಿಲ್ಲದ ಕಾರಣ ಒಂದೇ ಗುಂಡಿಯಲ್ಲಿ ರೋಧ (ವಿದ್ಯುತ್ತು ಭೂಮಿಗೆ ಇಳಿಯಲು ಇರುವ ಅಡ್ಡಿ; ಇದು ಕಡಿಮೆ ಇದ್ದಷ್ಟೂ ಒಳ್ಳೆಯದು) ಇಳಿಯುವುದಿಲ್ಲವೆಂದು ಅವರು ಎರಡು ಗುಂಡಿಗಳನ್ನು ದೂರದೂರ ತೋಡಿಸಿ ಒಂದಕ್ಕೊಂದು ಜೋಡಿಸಿದರು. ಹುಬ್ಬಳ್ಳಿ ಕಡೆಯ ಎರೆ ಮಣ್ಣಿನಲ್ಲಿ ತೊಂದರೆ ಬೇರೆ: ಮಳೆಗಾಲದಲ್ಲಿ ಅದು ಒಳ್ಳೆಯ ಅರ್ಥಿಂಗ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಗುಂಡಿಯಲ್ಲಿ ಹೂತ ಪೈಪಿನ ಸಂಪರ್ಕವನ್ನೇ ಬಿಡುತ್ತದೆ. ಅದಕ್ಕೇ ಅರ್ಥಿಂಗಿನ ಅಳತೆಯನ್ನು ಬೇಸಿಗೆಯಲ್ಲಿ ತೆಗೆಯಬೇಕು ಎಂಬುದು ಅವರ ನಿಯಮ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಗುಂಡಿಗೆ 6.8 ಓಮ್ ಬಂದದ್ದು, ಎರಡೂ ಸೇರಿದ ಮೇಲೆ 3.6ಕ್ಕೆ ಇಳಿಯಿತು.

ಈ ಅಂಕಿಗಳ ಮಹತ್ವವನ್ನು ಅವರು ಬಾಗಿಲ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿ ತೋರಿಸಿದರು. ಗೀಸರಿನ ಮೈಗೆ ವಿದ್ಯುತ್ತು ಸೋರಿದೆ, ಅರ್ಥಿಂಗಿನ ರೋಧ 20 ಓಮ್ ಇದೆ ಎಂದಿಟ್ಟುಕೊಂಡರೆ, 230 ವೋಲ್ಟಿಗೆ ಅದರ ಮೂಲಕ ಹರಿಯುವ ವಿದ್ಯುತ್ತು ಹನ್ನೊಂದೂವರೆ ಆಂಪಿಯರ್ ಮಾತ್ರ. ಹರಿವು ಮಿತಿ ಮೀರಿದರೆ ತಾನಾಗಿ ಬಿದ್ದು ವಿದ್ಯುತ್ತು ಕಡಿಯುವ 16 ಆಂಪಿಯರಿನ ಎಂ.ಸಿ.ಬಿ. ಅದನ್ನು ಮನೆಯ ಸಹಜ ಬಳಕೆ ಎಂದೇ ತಿಳಿದು ಬೀಳದೆ ಉಳಿಯುತ್ತದೆ, ಗೀಸರಿನ ಮೈಯಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಎಂ.ಸಿ.ಬಿ. ಕಾಯುವುದು ವೈರನ್ನು, ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಸೋರಿಕೆಗೇ ಬೀಳುವ ಆರ್.ಸಿ.ಸಿ.ಬಿ. ಹೊಸ ಬೋರ್ಡಿನಲ್ಲಿ ಎಂ.ಸಿ.ಬಿ. ಸಾಲು ಇದೆ, ಇನ್ನೇನು ಭಯ ಎಂದುಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆ.

ಆರ್.ಸಿ.ಸಿ.ಬಿ. ಕೂರಿಸುವಲ್ಲಿಯೇ ಬಲ್ಲವರ ಮತ್ತು ಬಲ್ಲೆನೆನ್ನುವವರ ಅಂತರ ಕಾಣುತ್ತದೆ. ಎರಡು ಸಾಲುಗಳಲ್ಲಿ ವಿದ್ಯುತ್ತು ಮರಳುವ ನ್ಯೂಟ್ರಲ್ ತಂತಿಗಳು ಎಲ್ಲಿಯಾದರೂ ಬೆರೆತಿದ್ದರೆ, ಅಥವಾ ಇನ್ವರ್ಟರಿನ ನ್ಯೂಟ್ರಲ್ ಮನೆಯ ನ್ಯೂಟ್ರಲ್ಲಿಗೆ ಸೇರಿದ್ದರೆ, ಹೋಗುವ ಮತ್ತು ಮರಳುವ ವಿದ್ಯುತ್ತಿನ ಲೆಕ್ಕ ತಪ್ಪಿ ಅದು ಸುಮ್ಮಸುಮ್ಮನೆ ಬೀಳತೊಡಗುತ್ತದೆ. ಬೆರೆತದ್ದನ್ನು ಹುಡುಕುವ ತಾಳ್ಮೆ ಇಲ್ಲದವರು ಆರ್.ಸಿ.ಸಿ.ಬಿ.ಯನ್ನೇ ತಪ್ಪಿಸಿ ನೇರವಾಗಿ ಜೋಡಿಸುತ್ತಾರೆ. ಬೋರ್ಡಿನಲ್ಲಿ ಅದು ಅಲಂಕಾರಕ್ಕೆ ಉಳಿಯುತ್ತದೆ. ಇವರು ಪ್ರತಿ ಸಾಲಿಗೆ ಬೇರೆ ನ್ಯೂಟ್ರಲ್ ಎಳೆದು ಎರಡೂ ತುದಿಗೆ ಅಂಕಿ ಹಚ್ಚಿದ್ದಾರೆ. ದೀಪದ ಸಾಲಿಗೆ 1.5, ಸಾಕೆಟ್ಟುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಬಳಸಿದ್ದಾರೆ. ಬಿಲ್ಲಿನಲ್ಲಿ ಬರೆದದ್ದಕ್ಕೂ ಗೋಡೆಯೊಳಗೆ ಹೋದದ್ದಕ್ಕೂ ವ್ಯತ್ಯಾಸವಿಲ್ಲ ಎಂಬುದನ್ನು ನಾನೇ ನಿಂತು ನೋಡಿದ್ದೇನೆ.

ಕಾನೂನಿನ ಮಾತನ್ನೂ ಹೇಳಬೇಕು. ದೀಪ, ಪಂಖಾ, ಫ್ಯೂಸ್, ಸ್ವಿಚ್ ಬದಲಾಯಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ, ವೈರಿಂಗಿನ ಯಾವುದೇ ಹೊಸ ಜೋಡಣೆ ಅಥವಾ ಮಾರ್ಪಾಡನ್ನು ಪರವಾನಗಿ ಇರುವ ಗುತ್ತಿಗೆದಾರರೇ, ಅರ್ಹತಾ ಪ್ರಮಾಣಪತ್ರ ಹೊಂದಿದ ಮೇಲ್ವಿಚಾರಕರ ನೇರ ನಿಗಾದಲ್ಲಿ ಮಾಡಿಸಬೇಕೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲೂ, ಅದರ ಜಾಗಕ್ಕೆ ಬಂದ 2023ರ ನಿಯಮಾವಳಿಯಲ್ಲೂ ಅದು ಮುಂದುವರಿದಿದೆ. ತಂತಿ ಎಳೆಯುವ ಕೆಲಸಗಾರನಿಗೂ ಪರ್ಮಿಟ್ ಬೇಕು. ನಮ್ಮ ಮನೆಗೆ ಬಂದ ಇಬ್ಬರಲ್ಲಿ ಒಬ್ಬನ ಬಳಿ ಅದಿತ್ತು, ಇನ್ನೊಬ್ಬ ಕಲಿಯುವ ಹುಡುಗ. ಅವನು ಬೋರ್ಡಿಗೆ ಕೈ ಹಚ್ಚಲಿಲ್ಲ. ಪರವಾನಗಿಯ ಪ್ರತಿಯನ್ನು ಕೇಳಿದಾಗ ಗುತ್ತಿಗೆದಾರರು ಬೇಸರಪಡದೆ ತೋರಿಸಿದರು. ಅದರ ಮೇಲಿನ ಅವಧಿಯ ದಿನಾಂಕವನ್ನು ಓದುವುದು ಒಳ್ಳೆಯದು. ಮುಗಿದ ಪರವಾನಗಿಯನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದವರನ್ನೂ ಕಂಡಿದ್ದೇನೆ.

ಕೊರತೆಗಳೂ ಇವೆ. ಹತ್ತು ದಿನವೆಂದು ಹೇಳಿದ ಕೆಲಸಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಮೇಲ್ವಿಚಾರಣೆಗೆ ಅವರು ಸ್ವತಃ ಬಂದದ್ದು ಐದು ಸಲ ಮಾತ್ರ. ನೇರ ನಿಗಾ ಎಂಬ ಮಾತಿಗೆ ಇದು ಸಾಲದು ಎಂದು ಅವರಿಗೇ ಹೇಳಿದ್ದೇನೆ. ಗೋಡೆ ಕೊರೆದ ಕಡೆ ಗಿಲಾಯಿ (ಗಾರೆ ಮೆತ್ತುವ ಕೆಲಸ) ತಮ್ಮದಲ್ಲ ಎಂಬುದನ್ನು ಮೊದಲೇ ಹೇಳದಿದ್ದುದರಿಂದ ಗವಂಡಿಗೆ ಬೇರೆ 7,000 ಕೊಡಬೇಕಾಯಿತು. ಫೋನ್ ಎತ್ತುವುದರಲ್ಲಂತೂ ಅವರು ಬಹಳ ಉದಾಸೀನ. ಪೂರ್ಣತಾ ವರದಿಯಲ್ಲಿ ಮಾತ್ರ ಪ್ರತಿ ಸಾಲಿನ ನಿರೋಧಕತೆಯನ್ನೂ ಅರ್ಥಿಂಗಿನ ರೋಧವನ್ನೂ ತಮ್ಮ ಕೈಯಾರೆ ತುಂಬಿ ಸಹಿ ಹಾಕಿದ್ದಾರೆ; ಹೆಚ್ಚುವರಿ ಲೋಡಿನ ಅರ್ಜಿಯೊಂದಿಗೆ ಅದನ್ನು ಸಲ್ಲಿಸಿದೆವು.

ಜೂನ್ ತಿಂಗಳ ಮೊದಲ ಮಳೆಗೆ ಆರ್.ಸಿ.ಸಿ.ಬಿ. ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಅದನ್ನು ತೆಗೆಸಿಬಿಡಿ ಎಂದು ನೆರೆಮನೆಯವರು ಸಲಹೆ ಕೊಟ್ಟರು. ನಾಲ್ಕನೆಯ ಕರೆಗೆ ಫೋನ್ ಎತ್ತಿದ ಗುತ್ತಿಗೆದಾರರು ಸಂಜೆ ಬಂದು ಒಂದೊಂದೇ ಸಾಲನ್ನು ಬಿಡಿಸುತ್ತ ಹೋಗಿ, ತುಳಸಿಕಟ್ಟೆಯ ಹತ್ತಿರ ನಾವು ಹಠ ಹಿಡಿದು ಉಳಿಸಿಕೊಂಡಿದ್ದ ಹಳೆಯ ದೀಪದ ಹೋಲ್ಡರಿನಲ್ಲಿ ನೀರು ನಿಂತಿದ್ದನ್ನು ತೋರಿಸಿದರು. ಮುಸ್ಸಂಜೆ ನಮ್ಮ ತಾಯಿ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಆ ದೀಪದ ಕೆಳಗೇ ಕೈಮುಗಿಯುತ್ತಾರೆ. ನೀರು ಹೋಗದಂಥ ಹೊಸ ಹೋಲ್ಡರಿಗೆ 350 ರೂಪಾಯಿ ತೆಗೆದುಕೊಂಡರು. ಬಂದದ್ದಕ್ಕೆ ಏನೂ ಕೇಳಲಿಲ್ಲ.